ಆದಿ ಕ್ರೈಸ್ತರು ‘ನಂಬಿಕೆ’ ಅಂದಾಗ ಏನು ಹೇಳ್ತಿದ್ರು? ಪದೇ ಪದೇ ಕೇಳುವ ಪ್ರಶ್ನೆಗಳು

ಸುಮಾರು ವರ್ಷಗಳಿಂದ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಓದ್ತಾ ಇದ್ದೀನಿ, ಹಾಗಾಗಿ ಮಾತಿಗೆ ಸಿಕ್ಕಾಗ, ಮೇಲ್‌ನಲ್ಲಿ, ಮೆಸೇಜ್‌ನಲ್ಲಿ ಜನ ಕೇಳೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಈ ಒಂದೇ ಪದದ ಸುತ್ತ ತಿರುಗ್ತವೆ. ಕೇಳಿದವರ ಮಾತಲ್ಲೇ ಪ್ರಶ್ನೆ ಇಟ್ಟಿದ್ದೀನಿ. ಸುಲಭದ್ದು ಮೊದಲು, ತಲೆ ಕೆಡಿಸೋದು ಆಮೇಲೆ. ಯಾವುದನ್ನ ಬೇಕಾದ್ರೂ ಬಿಡಿಯಾಗಿ ಓದ್ಬಹುದು.

## ಶುರುವಿನ ಪ್ರಶ್ನೆಗಳು

ನಂಬಿಕೆ ಅಂದ್ರೆ ದೇವ್ರು ಇದ್ದಾನೆ ಅಂತ ಒಪ್ಕೊಳ್ಳೋದು ತಾನೆ? ಇದ್ರಲ್ಲಿ ಇಷ್ಟು ಮಾತಾಡೋಕೆ ಏನಿದೆ?

ಅಲ್ಲ, ಗೊಂದಲ ಶುರುವಾಗೋದೇ ಇಲ್ಲಿಂದ. 1ನೇ ಶತಮಾನದ ಕೊರಿಂಥದಲ್ಲೋ ಎಫೆಸದಲ್ಲೋ ಬೀದಿಲಿ ನಿಂತು ದೇವರು ಇದ್ದಾನಾ ಅಂತ ಕೇಳಿದ್ರೆ ಜನ ಮಿಕಿಮಿಕಿ ನೋಡ್ತಿದ್ರು ಅಷ್ಟೇ, ಯಾಕಂದ್ರೆ ಊರ ತುಂಬಾ ಗುಡಿಗಳು, ಮನೆಯೊಳಗೆ ಮನೆದೇವ್ರು, ಇರೋದ್ರ ಬಗ್ಗೆ ಹೆಚ್ಚಿನವರಿಗೆ ಅನುಮಾನನೇ ಇರ್ಲಿಲ್ಲ. ಅವರ ಪ್ರಶ್ನೆ ಬೇರೆ: ಯಾರನ್ನ ನೆಚ್ಕೊಂಡು ಬದುಕೋದು, ಯಾರು ಕೊನೇವರೆಗೂ ಕೈ ಬಿಡಲ್ಲ?

ಹೊಸ ಒಡಂಬಡಿಕೆಯಲ್ಲಿ ನಂಬಿಕೆಗೆ ಇರೋ ಗ್ರೀಕ್ ಪದ ಪಿಸ್ಟಿಸ್. ಇದು ಗುಡಿಯ ಪದ ಅಲ್ಲ, ಮನೆ, ಸಂತೆ, ಕೋರ್ಟು, ಸೈನ್ಯ ಎಲ್ಲಾ ಕಡೆ ಓಡಾಡ್ತಿದ್ದ ಪದ. ಸಾಲ ಕೊಡೋನು ಇಡೋ ಭರವಸೆ ಪಿಸ್ಟಿಸ್, ಸಾಲ ತಗೊಂಡೋನ ಪ್ರಾಮಾಣಿಕತೆನೂ ಪಿಸ್ಟಿಸ್, ಇಬ್ಬರ ನಡುವೆ ಕೊಟ್ಟ ಮಾತೂ ಪಿಸ್ಟಿಸ್. ಅರಿಸ್ಟಾಟಲ್ ಭಾಷಣಕಲೆ ಬಗ್ಗೆ ಬರೀವಾಗ ಕೇಳುಗರಿಗೆ ಮನವರಿಕೆ ಮಾಡೋ ಪುರಾವೆಗೂ ಇದೇ ಪದ ಬಳಸ್ತಾನೆ. ಇವತ್ತಿಗೂ ಗ್ರೀಸಲ್ಲಿ ಕ್ರೆಡಿಟ್ ಕಾರ್ಡಿಗೆ ಪಿಸ್ಟೋಟಿಕಿ ಕಾರ್ತಾ ಅಂತಾರೆ, ಅದೇ ಬೇರು. ರೋಮನ್ನರ ಲ್ಯಾಟಿನ್ ಪದ ಫಿಡೆಸ್ ಕೂಡ ಹೀಗೇ ಇತ್ತು, ಅದನ್ನ ದೇವತೆ ಮಾಡಿ ಕ್ಯಾಪಿಟೋಲಿನ್ ಗುಡ್ಡದ ಮೇಲೆ ಗುಡಿನೂ ಕಟ್ಟಿದ್ರು.

ಅಂದ್ರೆ ಪಿಸ್ಟಿಸ್ ಇಬ್ಬರ ನಡುವೆ ಹುಟ್ಟೋ ವಸ್ತು. ನಂಬೋದೂ ಅದೇ, ನಂಬಿಕೆಗೆ ತಕ್ಕ ಹಾಗೆ ನಡ್ಕೊಳ್ಳೋದೂ ಅದೇ. ಈ ಎರಡು ಮುಖ ನೆನಪಿದ್ರೆ ಮುಂದಿನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ತಾನಾಗೇ ಬಿಡಿಸ್ಕೊಳ್ತವೆ.

ಕನ್ನಡದಲ್ಲಿ ನಂಬಿಕೆ, ವಿಶ್ವಾಸ, ಶ್ರದ್ಧೆ ಅಂತ ಮೂರಿದೆ, ಪಿಸ್ಟಿಸ್‌ಗೆ ಯಾವ್ದು ಸರಿ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ನಮ್ಮಲ್ಲಿ ಪ್ರೊಟೆಸ್ಟೆಂಟರ ಬೈಬಲ್ಲಲ್ಲಿ ಹೆಚ್ಚಾಗಿ ನಂಬಿಕೆ, ಕಥೋಲಿಕರ ಬಾಯಲ್ಲಿ ಹೆಚ್ಚಾಗಿ ವಿಶ್ವಾಸ. ಎರಡೂ ಒಳ್ಳೇ ಪದಗಳೇ, ಮತ್ತೆ ಇಂಗ್ಲಿಷ್ ಮೂಲಕ ಯೋಚನೆ ಮಾಡೋರಿಗಿಂತ ನಮಗೆ ಇಲ್ಲಿ ದಾರಿ ಸಲೀಸು. “ಅವನು ನಂಬಿಕೆ ಮನುಷ್ಯ” ಅಂತ ನಾವಂದ್ರೆ ಅವನ ತಲೆಲಿ ಏನೇನು ಅಭಿಪ್ರಾಯ ಇದೆ ಅಂತಲ್ಲ, ಅವನ ಕೈಗೆ ಮನೆ ಬೀಗ ಕೊಟ್ಟು ಊರಿಗೆ ಹೋಗ್ಬಹುದು ಅಂತ. ಒಂದೇ ಪದದಲ್ಲಿ ನಂಬೋನೂ ಇದ್ದಾನೆ, ನಂಬಿಗಸ್ತನೂ ಇದ್ದಾನೆ. ವಿಶ್ವಾಸದಲ್ಲಂತೂ ಸ್ನೇಹನೂ ಸೇರ್ಕೊಂಡಿದೆ, ಹಳೇ ಕಾಗದಗಳ ಕೊನೇಲಿ “ನಿಮ್ಮ ವಿಶ್ವಾಸಿ” ಅಂತ ಸಹಿ ಹಾಕ್ತಿದ್ರಲ್ಲ.

ತೊಂದರೆ ಎಲ್ಲಿ ಅಂದ್ರೆ, ಮೂಢನಂಬಿಕೆ ಅನ್ನೋ ಪದ ನಮ್ಮ ಕಿವಿಲಿ ಜೋರಾಗಿ ಕೂತಿದೆ, ಅದರಿಂದ ನಂಬಿಕೆ ಅಂದ ತಕ್ಷಣ ಪುರಾವೆ ಇಲ್ಲದೆ ಒಪ್ಕೊಳ್ಳೋ ವಿಷಯ ಅನ್ನೋ ಅರ್ಥ ನುಗ್ಗಿ ಬಿಡುತ್ತೆ. ಆದಿ ಕ್ರೈಸ್ತರ ಪತ್ರಗಳನ್ನ ಓದುವಾಗ ಮೂಢನಂಬಿಕೆಯ ನಂಬಿಕೆ ಬೇಡ, ನಂಬಿಕೆದ್ರೋಹ ಅಂತೀವಲ್ಲ ಆ ನಂಬಿಕೆ ಇಟ್ಕೊಳ್ಳಿ.

ಇನ್ನು ಶ್ರದ್ಧೆ. ಲ್ಯಾಟಿನ್ನಲ್ಲಿ “ನಂಬ್ತೀನಿ” ಅನ್ನೋಕೆ ಕ್ರೇದೋ ಅಂತಾರೆ, ಇದಕ್ಕೂ ಸಂಸ್ಕೃತದ ಶ್ರದ್ಧಾಕ್ಕೂ ಬೇರು ಒಂದೇ ಅಂತ ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ಸಾವಿರಾರು ಮೈಲಿ ದೂರದ ಎರಡು ಪ್ರಾರ್ಥನೆಯ ಭಾಷೆಗಳು ಒಂದೇ ಪದವನ್ನ ಇಟ್ಕೊಂಡಿವೆ ಅನ್ನೋದು ಮೊದಲ ಸಲ ಗೊತ್ತಾದಾಗ ಆ ದಿನ ಪೂರ್ತಿ ಅದೇ ಗುಂಗಲ್ಲಿದ್ದೆ.

ಯೇಸು ಗ್ರೀಕ್ ಮಾತಾಡ್ತಿರ್ಲಿಲ್ವಲ್ಲ, ಯೆಹೂದ್ಯರಲ್ಲಿ ಇದಕ್ಕೆ ಯಾವ ಪದ ಇತ್ತು?

ಯೇಸುವಿನ ಮನೆಮಾತು ಅರಾಮಿಕ್, ಶಾಸ್ತ್ರದ ಭಾಷೆ ಹೀಬ್ರೂ. ಎರಡರಲ್ಲೂ ಬೇರು ಅಲೆಫ್-ಮೇಮ್-ನೂನ್, ಗಟ್ಟಿಯಾಗಿ ನಿಲ್ಲೋದು ಅನ್ನೋ ಅರ್ಥ. ನಾವು ಪ್ರಾರ್ಥನೆ ಕೊನೇಲಿ ಹೇಳೋ ಆಮೆನ್ ಇದರ ಮಗಳು. ಇದರ ನಾಮಪದ ಎಮುನಾ.

ಎಮುನಾ ಅಂದ್ರೇನು ಅಂತ ಕಣ್ಣಿಗೆ ಕಟ್ಟೋ ಹಾಗೆ ಬೇಕಿದ್ರೆ ವಿಮೋಚನಕಾಂಡದ 17ನೇ ಅಧ್ಯಾಯ ನೋಡಿ. ಅಮಾಲೇಕ್ಯರ ಮೇಲೆ ಯುದ್ಧ ನಡೀತಿದೆ, ಮೋಶೆ ಕೈ ಎತ್ತಿರೋವರೆಗೂ ಇಸ್ರಾಯೇಲ್ಯರು ಗೆಲ್ತಾರೆ, ಕೈ ಸೋತು ಇಳಿದ್ರೆ ಸೋಲ್ತಾರೆ. ಆಗ ಆರೋನ ಒಂದು ಕಡೆ ಹೂರ ಒಂದು ಕಡೆ ನಿಂತು ಅವನ ಕೈ ಹಿಡ್ಕೊಳ್ತಾರೆ, ಮತ್ತೆ ಮೂಲದಲ್ಲಿ ಏನಿದೆ ಅಂದ್ರೆ ಹೊತ್ತು ಮುಳುಗೋವರೆಗೂ ಮೋಶೆಯ ಕೈಗಳು “ಎಮುನಾ” ಆಗಿದ್ದವು. ಅಲುಗಾಡದೆ ಇದ್ದವು ಅಂತ. ಕ್ರಿಸ್ತಪೂರ್ವ 3ನೇ ಶತಮಾನದಿಂದ ಯೆಹೂದ್ಯರು ತಮ್ಮ ಶಾಸ್ತ್ರವನ್ನ ಗ್ರೀಕಿಗೆ ತಂದಾಗ ಎಮುನಾಗೆ ಬಹಳ ಕಡೆ ಪಿಸ್ಟಿಸ್ ಅಂತ ಹಾಕಿದ್ರು, ಹೊಸ ಒಡಂಬಡಿಕೆಯ ಎಷ್ಟೋ ಪತ್ರಗಳನ್ನ ಬರೆದ ಪೌಲ ಓದಿ ಬೆಳೆದದ್ದು ಆ ಗ್ರೀಕ್ ಪಠ್ಯನ. ಹಾಗಾಗಿ ಅವನ ಪಿಸ್ಟಿಸ್ ಒಳಗೆ ಸಂತೆಯ ಭರವಸೆನೂ ಇದೆ, ಮೋಶೆಯ ಆ ಕೈಗಳೂ ಇವೆ.

“ನಿನ್ನ ನಂಬಿಕೆಯೇ ನಿನ್ನನ್ನು ಗುಣಪಡಿಸಿತು” ಅಂತ ಯೇಸು ಅಂದ್ರಲ್ಲ, ಆ ಹೆಂಗಸು ಅಷ್ಟಕ್ಕೂ ಏನನ್ನ ನಂಬಿದ್ಲು?

ಮಾರ್ಕ ಬರೆದ ಯೇಸುವಿನ ಕಥೆಯ (ಸುವಾರ್ತೆಯ) 5ನೇ ಅಧ್ಯಾಯ. 12 ವರ್ಷ ರಕ್ತಸ್ರಾವ, ಇದ್ದಬದ್ದ ದುಡ್ಡೆಲ್ಲ ವೈದ್ಯರಿಗೆ ಸುರಿದಾಗಿದೆ, ಕಾಯಿಲೆ ಇನ್ನೂ ಜಾಸ್ತಿನೇ ಆಗಿದೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋ ತ್ರಯೇಕತ್ವ ಅವಳಿಗೆ ಗೊತ್ತಿಲ್ಲ, ಶಿಲುಬೆ ಇನ್ನೂ ಆಗಿಲ್ಲ, ನಂಬಿಕೆಯ ಸಾರಾಂಶ ಹೇಳೋ ಯಾವ ವಿಶ್ವಾಸಪ್ರಮಾಣನೂ ಬರೆದಿಲ್ಲ. ಈ ಮನುಷ್ಯನ ಬಟ್ಟೆ ಮುಟ್ಟಿದ್ರೂ ಸಾಕು ಅನ್ನೋದೊಂದೇ ಅವಳ ಲೆಕ್ಕ, ಅದಕ್ಕೆ ಗುಂಪಲ್ಲಿ ಹಿಂದಿನಿಂದ ಬಂದು ಕೈ ಚಾಚ್ತಾಳೆ. ಆ ಕೈ ಚಾಚಿದ್ದಕ್ಕೇನೇ ಯೇಸು ಪಿಸ್ಟಿಸ್ ಅಂತ ಹೆಸರಿಡ್ತಾನೆ.

ಕಪೆರ್ನೌಮಿನ ಶತಾಧಿಪತಿ, ಅಂದ್ರೆ ನೂರು ಸಿಪಾಯಿಗಳ ಅಧಿಕಾರಿ, ಅವನ ಕಥೆನೂ ಹೀಗೇ. ತನ್ನ ಆಳಿನ ಕಾಯಿಲೆ ವಾಸಿ ಮಾಡು ಅಂತ ಕೇಳ್ಕೊಂಡೋನು, ಯೆಹೂದ್ಯನೂ ಅಲ್ಲ. “ನನ್ನ ಕೈಕೆಳಗಿನ ಸಿಪಾಯಿಗೆ ಹೋಗು ಅಂದ್ರೆ ಹೋಗ್ತಾನೆ, ಹಾಗೇ ನೀನೂ ಒಂದು ಮಾತು ಹೇಳು ಸಾಕು” ಅನ್ನೋದು ಅವನ ವಾದ. ಇಸ್ರಾಯೇಲಿನಲ್ಲೂ ಇಂಥ ನಂಬಿಕೆ ಕಾಣ್ಲಿಲ್ಲ ಅಂತ ಯೇಸುನೇ ಬೆರಗಾಗ್ತಾನೆ.

ಸಂಶಯ ಬಂದ್ರೆ ನಂಬಿಕೆ ಹೋಯ್ತು ಅಂತ ಅರ್ಥನಾ?

ಈ ಪ್ರಶ್ನೆ ಕೇಳೋರು ಸಾಮಾನ್ಯವಾಗಿ ಕುತೂಹಲಕ್ಕೆ ಕೇಳಲ್ಲ, ಒಳಗೆ ಏನೋ ಚುಚ್ತಾ ಇರುತ್ತೆ, ಹಾಗಾಗಿ ನೇರ ಹೇಳ್ತೀನಿ: ಇಲ್ಲ.

ಮಾರ್ಕನ 9ನೇ ಅಧ್ಯಾಯದಲ್ಲಿ ಮೂರ್ಛೆರೋಗದ ಮಗನ ತಂದೆ ಒಂದೇ ಉಸಿರಲ್ಲಿ “ನಂಬ್ತೀನಿ, ನನ್ನ ಅಪನಂಬಿಕೆಗೆ ಸಹಾಯ ಮಾಡು” ಅಂತ ಕೂಗ್ತಾನೆ. ಮೊದಲು ಪೂರ್ತಿ ನಂಬಿ ಬಾ, ಆಮೇಲೆ ನೋಡೋಣ ಅಂತ ಯೇಸು ಅವನನ್ನ ವಾಪಸ್ ಕಳಿಸಲ್ಲ, ಹುಡುಗ ಎದ್ದು ನಿಲ್ತಾನೆ. ಮತ್ತಾಯನಲ್ಲಿ ಶಿಷ್ಯರಿಗೆ ಮತ್ತೆ ಮತ್ತೆ ಬೀಳೋ ಬೈಗುಳ ಒಲಿಗೋಪಿಸ್ಟೋಸ್, ಅಲ್ಪವಿಶ್ವಾಸಿ. ಅಲ್ಪ ಅಂದ, ಶೂನ್ಯ ಅನ್ಲಿಲ್ಲ. ನೀರ ಮೇಲೆ ನಡೆಯೋಕೆ ಹೋಗಿ ಮುಳುಗ್ತಿದ್ದ ಶಿಷ್ಯ ಪೇತ್ರನಿಗೆ ಆ ಮಾತು ಹೇಳೋಕೆ ಮುಂಚೆ ಯೇಸು ಅವನ ಕೈ ಹಿಡಿದಾಗಿತ್ತು.

ಪದದ ಲೆಕ್ಕದಲ್ಲೇ ನೋಡಿದ್ರೂ, ಪಿಸ್ಟಿಸ್‌ಗೆ ವಿರುದ್ಧಪದ ಅಪಿಸ್ಟಿಯಾ, ಅದರಲ್ಲಿ ನಂಬದೆ ಇರೋದರ ಜೊತೆ ಮಾತು ಮುರಿಯೋದೂ, ದ್ರೋಹನೂ ಇದೆ. ಪ್ರಶ್ನೆ ಇಟ್ಕೊಂಡೂ ಗುಂಪಿನ ಜೊತೆ ಉಳಿದ ತೋಮನ ಕಥೆಯನ್ನ ಯೋಹಾನ ಬರೆದಿಟ್ಟ. ಒಂದು ಪ್ರಶ್ನೆನೂ ಕೇಳದೆ ಎದ್ದು ಹೋಗಿ ಯೇಸುವನ್ನ ಹಿಡಿದುಕೊಟ್ಟ ಯೂದನ ಕಥೆಯನ್ನೂ ಬರೆದಿಟ್ಟ.

## ಸ್ವಲ್ಪ ಒಳಗೆ ಹೋದ್ರೆ

ಆಗಿನ ರೋಮನ್ ಜನಕ್ಕೆ ಇವರ ನಂಬಿಕೆ ಹೆಂಗೆ ಕಾಣ್ತಿತ್ತು? ಹೊರಗಿನವರು ಏನಾದ್ರೂ ಬರೆದಿದ್ದಾರಾ?

ಬರೆದಿದ್ದಾರೆ, ಮತ್ತೆ ಹೊರಗಿನವರ ಸಾಕ್ಷಿನೇ ಒಂದೊಂದು ಸಲ ಒಳಗಿನವರದ್ದಕ್ಕಿಂತ ಚೆನ್ನಾಗಿದೆ.

ಸುಮಾರು ಕ್ರಿ.ಶ. 112ರಲ್ಲಿ ಇವತ್ತಿನ ಟರ್ಕಿಯ ಉತ್ತರ ಭಾಗದ ಬಿಥೀನಿಯ-ಪೊಂತದ ಗವರ್ನರ್ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೀತಾನೆ. ಕ್ರೈಸ್ತರನ್ನ ಹಿಡಿದು ವಿಚಾರಣೆ ಮಾಡಿದ್ದೀನಿ, ಇವರ ಅಪರಾಧ ಏನು ಅಂತ ಹುಡುಕಿದ್ರೆ ಸಿಕ್ಕಿದ್ದು ಇಷ್ಟು ಅಂತಾನೆ: ಗೊತ್ತಾದ ದಿನ ಬೆಳಗಾಗೋಕೆ ಮುಂಚೆ ಸೇರ್ತಾರೆ, ಕ್ರಿಸ್ತನಿಗೆ ದೇವರಿಗೆ ಹಾಡೋ ಹಾಗೆ ಹಾಡ್ತಾರೆ, ಆಮೇಲೆ ಒಂದು ಆಣೆ ಇಡ್ತಾರೆ. ಕದಿಯಲ್ಲ, ದರೋಡೆ ಮಾಡಲ್ಲ, ಹಾದರ ಮಾಡಲ್ಲ, ಕೊಟ್ಟ ನಂಬಿಕೆ ಮುರಿಯಲ್ಲ, ಯಾರಾದ್ರೂ ನಮ್ಮ ಹತ್ರ ಇಟ್ಟ ಹಣನ ವಾಪಸ್ ಕೇಳಿದಾಗ ಇಲ್ಲ ಅನ್ನಲ್ಲ. “ನಂಬಿಕೆ ಮುರಿಯಲ್ಲ” ಅನ್ನೋ ಜಾಗದಲ್ಲಿರೋ ಲ್ಯಾಟಿನ್ ಪದ ಅದೇ ಫಿಡೆಸ್. ಬ್ಯಾಂಕ್ ಲಾಕರ್ ಇಲ್ಲದ ಕಾಲ ಅದು, ಊರಿಗೆ ಹೋಗೋನು ತನ್ನ ದುಡ್ಡನ್ನ ಪಕ್ಕದ ಮನೇಲಿ ಇಟ್ಟು ಹೋಗ್ಬೇಕು, ಅದಕ್ಕೆ ಸಾಕ್ಷಿ ಇರೋದು ಎಷ್ಟೋ ಸಲ ಅವರ ಬಾಯಿಮಾತು ಮಾತ್ರ. ಇಷ್ಟೆಲ್ಲ ತಿಳಿದ ಮೇಲೂ ಇನ್ನೇನೋ ಇರಬೇಕು ಅಂತ ಪ್ಲಿನಿ ಇಬ್ಬರು ಸೇವಕಿಯರನ್ನ, ಸಭೆಯಲ್ಲಿ ಸೇವೆಯ ಜವಾಬ್ದಾರಿ ಇದ್ದ ದಾಸಿಯರನ್ನ, ಚಿತ್ರಹಿಂಸೆ ಕೊಟ್ಟು ಕೇಳಿದ. ಅವರ ಹೆಸರು ಕೂಡ ಬರೀಲಿಲ್ಲ. ಆ ಪತ್ರ ಓದಿದಾಗೆಲ್ಲ ನನಗೆ ನೆನಪಾಗೋದು ಅವರಿಬ್ಬರೇ.

ಲೂಸಿಯನ್ ಅನ್ನೋ ಬರಹಗಾರ ಇನ್ನೊಂದು ಮುಖ ತೋರಿಸ್ತಾನೆ. ಪೆರೆಗ್ರೀನಸ್ ಅನ್ನೋನೊಬ್ಬ ಕ್ರೈಸ್ತರ ಮಧ್ಯೆ ಸೇರ್ಕೊಂಡು ಜೈಲಿಗೆ ಹೋದಾಗ ಅವರು ಊಟ, ದುಡ್ಡು ಹೊತ್ಕೊಂಡು ಓಡೋಡಿ ಬಂದ್ರಂತೆ, ಏಷ್ಯಾದ ಬೇರೆ ಊರುಗಳಿಂದಲೂ ಬಂದ್ರಂತೆ, ಇಂಥ ಜನರನ್ನ ಯಾವ ಮೋಸಗಾರ ಬೇಕಾದ್ರೂ ಟೋಪಿ ಹಾಕ್ಬಹುದು ಅಂತ ಅವನ ಹಂಗಿಸೋ ಮಾತು. ಅಲ್ಲೇ ಅವನು ಇವರು ಇದನ್ನೆಲ್ಲ “ಸರಿಯಾದ ಪಿಸ್ಟಿಸ್ ಇಲ್ಲದೆ” ಒಪ್ಕೊಂಡಿದ್ದಾರೆ ಅಂತಾನೆ, ಅಂದ್ರೆ ಪುರಾವೆ ಇಲ್ಲದೆ. ಅದೇ ಪದ, ಬೇರೆ ಅರ್ಥ. ವೈದ್ಯ ಗ್ಯಾಲೆನ್ ಕೂಡ ಮೋಶೆ ಮತ್ತು ಕ್ರಿಸ್ತನ ಕಡೆಯವರು ಸಾಬೀತಾಗದ ಮಾತನ್ನ ಹೇಳ್ತಾರೆ ಅಂತ ದೂರಿದ್ದಾನೆ.

ಹಾಗಾದ್ರೆ ಅದು ಕುರುಡು ನಂಬಿಕೆನೇ ಆಯ್ತಲ್ಲ? “ಕೇಳ್ಬೇಡ, ನಂಬು” ಅಂತಿದ್ರಂತೆ?

ಈ ಆರೋಪ ಸುಮಾರು ಕ್ರಿ.ಶ. 178ರಷ್ಟು ಹಳೇದು, ತತ್ವಜ್ಞಾನಿ ಕೆಲ್ಸಸ್ ಮಾಡಿದ್ದು. ಕೆಲವು ಕ್ರೈಸ್ತರು “ಪರೀಕ್ಷೆ ಮಾಡ್ಬೇಡ, ಸುಮ್ನೆ ನಂಬು” ಅಂತಾರೆ ಅಂತ ಅವನು ಬರೆದ. ಹಾಗೆ ಅಂದವರು ಇದ್ದೇ ಇದ್ರು, ಅದನ್ನ ನಾನು ಮುಚ್ಚಿಡಲ್ಲ. 70 ವರ್ಷ ಆದ್ಮೇಲೆ ಕ್ರೈಸ್ತ ವಿದ್ವಾಂಸ ಒರಿಗೆನ್ ಉತ್ತರ ಬರೆದಾಗ ಅವನೂ ಮುಚ್ಚಿಡ್ಲಿಲ್ಲ. ಅವನ ಮಾತಿನ ಸಾರ ಇದು: ಎಲ್ಲರಿಗೂ ಕೆಲಸ ಬಿಟ್ಟು ತತ್ವಶಾಸ್ತ್ರ ಓದೋಕೆ ಆಗಲ್ಲ, ಆಮೇಲೆ ತತ್ವಜ್ಞಾನಿಗಳೂ ಎಲ್ಲಾ ಪಂಥಗಳನ್ನ ಅಳೆದು ತೂಗಿ ಒಂದನ್ನ ಆರಿಸಲ್ಲ, ಯಾರೋ ಗುರು ಮೇಲೆ ನಂಬಿಕೆ ಬಂದು ಅಲ್ಲಿ ಕೂತ್ಕೊಳ್ತಾರೆ. ಅದೂ ಬಿಡಿ, ಹಡಗು ಹತ್ತೋನು, ಮದುವೆ ಆಗೋನು, ಹೊಲಕ್ಕೆ ಬೀಜ ಚೆಲ್ಲೋನು, ಇವರಲ್ಲಿ ಯಾರು ಫಲಿತಾಂಶ ಸಾಬೀತಾದ ಮೇಲೆ ಹೆಜ್ಜೆ ಇಟ್ಟಿದ್ದಾರೆ?

ಕುರುಡಲ್ಲ ಅನ್ನೋಕೆ ಇನ್ನೂ ಚೆನ್ನಾಗಿರೋ ಸಾಕ್ಷಿ ದಿದಖೆ ಅನ್ನೋ ಪುಟ್ಟ ಕೈಪಿಡಿಲಿದೆ, 1ನೇ ಶತಮಾನದ ಕೊನೆ ಅಥವಾ 2ನೇದರ ಶುರುವಿನದ್ದು ಅಂತ ಹೆಚ್ಚಿನವರ ಲೆಕ್ಕ, ಅದರ ಹಸ್ತಪ್ರತಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿದ್ದು 1873ರಲ್ಲಿ. ಊರೂರು ತಿರುಗೋ ಬೋಧಕ ಮನೆಗೆ ಬಂದ್ರೆ ಒಳಗೆ ಕರೀರಿ. ಒಂದು ದಿನ ಇರ್ಲಿ, ಬೇಕಾದ್ರೆ ಎರಡು ದಿನ. ಮೂರನೇ ದಿನನೂ ಕೂತ್ರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗೆ ಆಗೋಷ್ಟು ರೊಟ್ಟಿ ಕೊಡಿ, ದುಡ್ಡು ಕೇಳಿದ್ರೆ ಸುಳ್ಳು ಪ್ರವಾದಿ. ಇಲ್ಲೇ ಇರ್ತೀನಿ ಅಂದ್ರೆ ಕೆಲಸ ಮಾಡಿ ತಿನ್ಲಿ. ಬಾಗಿಲು ತೆರೆದಿದೆ, ಕಣ್ಣೂ ತೆರೆದಿದೆ. ಈ ರೂಲ್ಸು ಇವತ್ತು ನಮ್ಮ ಊರುಗಳಲ್ಲಿ ಬೋಧನೆ ಮಾಡ್ಕೊಂಡು ಓಡಾಡೋ ಎಲ್ಲರಿಗೂ ಹಾಕಿದ್ರೆ ಎಷ್ಟು ಬಡ ಮನೆಗಳ ದುಡ್ಡು ಉಳೀತಿತ್ತೋ ಅಂತ ಮನಸ್ಸಿಗೆ ಬರುತ್ತೆ.

“ಅಸಂಬದ್ಧವಾದ್ದರಿಂದಲೇ ನಂಬುತ್ತೇನೆ” ಅಂತ ತೆರ್ತುಲ್ಲಿಯನ್ ಹೇಳಿದ್ದು ನಿಜನಾ?

ಆ ವಾಕ್ಯ ಅವನ ಬರಹದಲ್ಲಿಲ್ಲ. 3ನೇ ಶತಮಾನದ ಶುರುವಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಈ ಕ್ರೈಸ್ತ ಬರಹಗಾರ ಬರೆದದ್ದು, ದೇವರ ಮಗ ಸತ್ತ, ಅದು ಅಸಂಗತ ಆದ್ದರಿಂದಲೇ ನಂಬೋ ಹಾಗಿದೆ, ಹೂಣಿಟ್ಟ ಮೇಲೆ ಎದ್ದ, ಅದು ಅಸಾಧ್ಯ ಆದ್ದರಿಂದಲೇ ಖಚಿತ ಅಂತ. ಅವನು ಜಗಳ ಆಡ್ತಿದ್ದದ್ದು ಮಾರ್ಸಿಯೋನನ ಜೊತೆ, ದೇವರು ಮಾಂಸದ ಮೈ ತಗೊಳ್ಳೋದು ಅಸಹ್ಯ, ಕ್ರಿಸ್ತನಿಗೆ ನಿಜವಾದ ದೇಹನೇ ಇರ್ಲಿಲ್ಲ ಅಂತಿದ್ದೋನು. ಅದಕ್ಕೆ ತೆರ್ತುಲ್ಲಿಯನ್ ಉತ್ತರ, ನಿನಗೆ ನಾಚಿಕೆ ಅನ್ಸೋ ಜಾಗದಲ್ಲೇ ನನ್ನ ರಕ್ಷಣೆ ಇದೆ ಅನ್ನೋ ಧಾಟಿದು. ಬುದ್ಧಿ ಬಿಟ್ಟು ನಂಬಿ ಅನ್ನೋ ಘೋಷಣೆ ಅಲ್ಲ.

ಪೌಲ ನಂಬಿಕೆ ಸಾಕು ಅಂತಾನೆ, ಯಾಕೋಬ ಸಾಲಲ್ಲ ಅಂತಾನೆ. ಯಾರು ಸರಿ?

ಇಬ್ಬರೂ ಹೊಸ ಒಡಂಬಡಿಕೆಯ ತಮ್ಮ ಪತ್ರಗಳಲ್ಲಿ ಆದಿಕಾಂಡ 15ರ ಒಂದೇ ವಾಕ್ಯ ಹಿಡ್ಕೊಂಡು ವಾದ ಮಾಡ್ತಾರೆ: ಅಬ್ರಹಾಮ ದೇವರನ್ನ ನಂಬಿದ, ಅದು ಅವನ ಲೆಕ್ಕಕ್ಕೆ ನೀತಿ ಅಂತ ಸೇರ್ತು. ಆದ್ರೆ ಎದುರಿಗೆ ಕೂತಿರೋ ಜನ ಬೇರೆ.

ಪೌಲನ ಎದುರಿಗೆ ಇರೋದು, ಯೆಹೂದ್ಯರಲ್ಲದವರೂ ಸುನ್ನತಿ ಮಾಡಿಸ್ಕೊಂಡು ಧರ್ಮಶಾಸ್ತ್ರದ ನೇಮಗಳನ್ನ ಹೊತ್ಕೊಂಡ್ರೇನೇ ದೇವರ ಮನೆಯವರು ಅನ್ನೋ ವಾದ. ಅದಕ್ಕೆ ಅವನು, ಅಬ್ರಹಾಮನಿಗೆ ಸುನ್ನತಿ ಆಗಿದ್ದು ಆಮೇಲೆ, ನಂಬಿದ್ದು ಮೊದಲು ಅಂತ ಇಸವಿ ಲೆಕ್ಕ ತೆಗೀತಾನೆ. ಯಾಕೋಬನ ಎದುರಿಗೆ ಇರೋದು, ಬಟ್ಟೆ ಇಲ್ಲದ, ಅವತ್ತಿನ ಊಟ ಇಲ್ಲದ ಸಹೋದರನಿಗೆ “ಸಮಾಧಾನವಾಗಿ ಹೋಗು, ಬೆಚ್ಚಗಿರು” ಅಂತ ಬಾಯಿಮಾತು ಹೇಳಿ ಕಳಿಸೋರು. ಅವರಿಗೆ ಅವನು, ದೇವರು ಒಬ್ಬನೇ ಅಂತ ದೆವ್ವಗಳೂ ನಂಬ್ತವೆ, ನಂಬಿ ನಡುಗ್ತವೆ ಅಂತಾನೆ. ಒಪ್ಪಿಗೆ ಒಂದೇ ಆದ್ರೆ ಅದು ನಂಬಿಕೆ ಅಲ್ಲ ಅನ್ನೋಕೆ ಇದಕ್ಕಿಂತ ಖಾರವಾದ ಮಾತು ಹೊಸ ಒಡಂಬಡಿಕೆಯಲ್ಲಿ ಇನ್ನೊಂದಿಲ್ಲ.

ಪೌಲನೂ ಗಲಾತ್ಯದವರಿಗೆ “ಪ್ರೀತಿಯಿಂದ ಕೆಲಸ ಮಾಡೋ ನಂಬಿಕೆ” ಅಂತ ಬರೀತಾನೆ, ರೋಮಾಪುರದ ಪತ್ರದ ಶುರುವಲ್ಲೇ “ನಂಬಿಕೆಯ ವಿಧೇಯತೆ” ಅಂತಾನೆ. ಪಿಸ್ಟಿಸ್‌ನಲ್ಲಿ ನಿಷ್ಠೆ ಮೊದಲಿಂದಲೇ ಇದೆ ಅಂತ ನೋಡಿದ್ರೆ ಇಬ್ಬರ ನಡುವಿನ ದೂರ ತುಂಬಾ ಕಮ್ಮಿ ಆಗುತ್ತೆ. ಪೂರ್ತಿ ಹೋಗಲ್ಲ, ಯಾಕೋಬ “ಬರೀ ನಂಬಿಕೆಯಿಂದ ಅಲ್ಲ” ಅಂತ ಬರೆದೇ ಬರೆದಿದ್ದಾನೆ. 1522ರಲ್ಲಿ ಪ್ರೊಟೆಸ್ಟೆಂಟ್ ಚಳವಳಿ ಶುರು ಮಾಡಿದ ಲೂಥರ್ ತನ್ನ ಜರ್ಮನ್ ಅನುವಾದದಲ್ಲಿ ರೋಮಾಪುರ 3:28ಕ್ಕೆ ಮೂಲದಲ್ಲಿಲ್ಲದ “ಮಾತ್ರ” ಅನ್ನೋ ಪದ ಸೇರಿಸಿ, ಯಾಕೋಬನ ಪತ್ರವನ್ನ ಹುಲ್ಲಿನ ಪತ್ರ ಅಂದಿದ್ದು ಅದಕ್ಕೇನೇ. ಹುಲ್ಲು ಅಂದಿದ್ದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಹಸಿದವನ ಕಡೆಯಿಂದ ಓದಿದ್ರೆ ಆ ಪತ್ರದಲ್ಲಿ ಕಾಳೇ ಇರೋದು.

ಹಿಂಸೆ ಬಂದಾಗ ಹೆದರಿ ಬಲಿ ಕೊಟ್ಟವರಿಗೆ ನಂಬಿಕೆ ಇರ್ಲಿಲ್ವಾ?

ಕ್ರಿ.ಶ. 250ರ ಕಥೆ ಇದು. ಚಕ್ರವರ್ತಿ ಡೇಸಿಯಸ್, ಸಾಮ್ರಾಜ್ಯದ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಸರ್ಟಿಫಿಕೇಟ್ ತಗೋಬೇಕು ಅಂತ ಆಜ್ಞೆ ಹೊರಡಿಸಿದ. ಅಂಥ ಸರ್ಟಿಫಿಕೇಟುಗಳು ಈಜಿಪ್ಟಿನ ಮರಳಲ್ಲಿ 40ಕ್ಕೂ ಹೆಚ್ಚು ಸಿಕ್ಕಿವೆ, ಪಪೈರಸ್ ಹಾಳೆ ಮೇಲೆ “ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡ್ತಾ ಬಂದಿದ್ದೀನಿ, ಈಗಲೂ ನಿಮ್ಮ ಮುಂದೆ ಕೊಟ್ಟು, ನೈವೇದ್ಯದ ರುಚಿ ನೋಡಿದ್ದೀನಿ” ಅನ್ನೋ ಅರ್ಜಿ, ಕೆಳಗೆ ಅಧಿಕಾರಿಗಳ ಸಹಿ.

ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಪ್ರಕಾರ ಎಷ್ಟೋ ಕ್ರೈಸ್ತರು ಯಾರೂ ಎಳ್ಕೊಂಡು ಹೋಗೋಕೆ ಮುಂಚೆನೇ ಓಡಿ ಹೋಗಿ ಬಲಿ ಕೊಟ್ರು. ಇನ್ನು ಕೆಲವರು ಬಲಿ ಕೊಡದೆ ಲಂಚ ಕೊಟ್ಟು ಸರ್ಟಿಫಿಕೇಟ್ ಮಾತ್ರ ತಗೊಂಡ್ರು. ಕೆಲವರು ಸತ್ರು. ಹಿಂಸೆ ನಿಂತ ಮೇಲೆ ಬಿದ್ದವರು ಅಳ್ತಾ ವಾಪಸ್ ಬಂದ್ರು, ಅವರಿಗೆ ಲಾಪ್ಸಿ ಅಂತ ಹೆಸರು, ಬಿದ್ದವರು ಅಂತಲೇ ಅರ್ಥ. ಗಮನಿಸಿ, ಅವರನ್ನ ಕೇಳಿದ ಪ್ರಶ್ನೆ ಯೇಸು ಎದ್ದು ಬಂದಿದ್ದನ್ನ ಒಪ್ತೀಯಾ ಅಂತಲ್ಲ. ಅದನ್ನ ಅವರು ಎಂದೂ ಬಿಟ್ಟಿರ್ಲಿಲ್ಲ. ಮುರಿದಿದ್ದು ಮಾತು, ಅಭಿಪ್ರಾಯ ಅಲ್ಲ. ಮದುವೆ ಮುರಿದ ಹಾಗೆ ಅದು, ಮತ್ತೆ ಕೂಡಿಸೋದಕ್ಕೆ ವಾದ ಸಾಕಾಗಲ್ಲ, ಪಶ್ಚಾತ್ತಾಪ, ಕಾಲ, ಎದುರಿನವರ ಕ್ಷಮೆ ಬೇಕು. ರೋಮಿನ ನೊವೇಷಿಯನ್ ಇವರನ್ನ ಸೇರಿಸ್ಕೊಳ್ಳೋದೇ ಬೇಡ ಅಂದ. 251ರಲ್ಲಿ ಕಾರ್ಥೇಜಿನ ಸಭೆ ಒಬ್ಬೊಬ್ಬರ ಪರಿಸ್ಥಿತಿ ನೋಡಿ, ಪ್ರಾಯಶ್ಚಿತ್ತ ಕೊಟ್ಟು, ಬಾಗಿಲು ತೆರೆಯೋಣ ಅಂದಿತು. ಸಿಪ್ರಿಯನ್ ಡೇಸಿಯಸ್‌ನ ಹಿಂಸೆ ಸಮಯದಲ್ಲಿ ತಲೆಮರೆಸ್ಕೊಂಡಿದ್ದವನು, ಅದಕ್ಕಾಗಿ ಬೈಗುಳ ಕೇಳಿದ್ದವನು. 258ರಲ್ಲಿ ಇನ್ನೊಂದು ಹಿಂಸೆ ಬಂದಾಗ ಅವನು ಓಡ್ಲಿಲ್ಲ, ತಲೆ ಕೊಟ್ಟ.

ಇದಕ್ಕೂ ನೂರು ವರ್ಷ ಮುಂಚೆ ಸ್ಮುರ್ನದ ಮುದುಕ ಪಾಲಿಕಾರ್ಪನಿಗೆ ಕ್ರಿಸ್ತನನ್ನ ಶಪಿಸು ಬಿಡ್ತೀವಿ ಅಂದಾಗ ಅವನ ಉತ್ತರ, 86 ವರ್ಷ ಅವನ ಸೇವೆ ಮಾಡಿದ್ದೀನಿ, ಒಂದು ದಿನನೂ ನನಗೆ ಕೆಟ್ಟದ್ದು ಮಾಡಿಲ್ಲ, ನನ್ನ ರಾಜನನ್ನ ಹೇಗೆ ಬೈಲಿ ಅಂತ. ಎರಡೂ ಕಡೆಯ ಪಿಸ್ಟಿಸ್ ಒಂದೇ ಮಾತಲ್ಲಿದೆ.

## ಆಳದ ಪ್ರಶ್ನೆಗಳು

“ನೀತಿವಂತನು ನಂಬಿಕೆಯಿಂದ ಬದುಕುವನು” ಅನ್ನೋದ್ರಲ್ಲಿ ಯಾರ ನಂಬಿಕೆ?

ಇದು ಪ್ರವಾದಿ ಹಬಕ್ಕೂಕನ ಪುಸ್ತಕದ 2:4. ಹೀಬ್ರೂ ಪಠ್ಯದಲ್ಲಿ “ತನ್ನ ಎಮುನಾದಿಂದ”, ಅಂದ್ರೆ ನೀತಿವಂತನ ಸ್ಥಿರತೆಯಿಂದ. ಹಳೇ ಗ್ರೀಕ್ ಅನುವಾದದಲ್ಲಿ “ನನ್ನ ಪಿಸ್ಟಿಸ್‌ನಿಂದ”, ಅಲ್ಲಿ ಮಾತಾಡ್ತಿರೋದು ದೇವರು, ಹಾಗಾಗಿ ದೇವರ ನಂಬಿಗಸ್ತಿಕೆಯಿಂದ. ಪೌಲ ಗಲಾತ್ಯ 3:11ರಲ್ಲೂ ರೋಮಾಪುರ 1:17ರಲ್ಲೂ ಇದನ್ನ ಎತ್ತುವಾಗ ತನ್ನ, ನನ್ನ ಎರಡನ್ನೂ ಬಿಟ್ಟು ಬರೀ “ಪಿಸ್ಟಿಸ್‌ನಿಂದ” ಅಂತ ಬರೀತಾನೆ. ಅವನು ಬೇಕಂತಲೇ ಎರಡೂ ಬಾಗಿಲು ತೆರೆದಿಟ್ಟ ಅಂತ ನನಗೆ ಅನ್ಸುತ್ತೆ. ಮೃತ ಸಮುದ್ರದ ಹತ್ರ ಕುಮ್ರಾನಿನ ಗುಹೆಯಲ್ಲಿ ಸಿಕ್ಕ ಹಬಕ್ಕೂಕನ ವ್ಯಾಖ್ಯಾನದಲ್ಲಿ ಇದೇ ವಾಕ್ಯ ಅಲ್ಲಿನ ಯೆಹೂದ್ಯ ಪಂಥದ “ನೀತಿಯ ಗುರು” ಮೇಲೆ ಅವನ ಜನ ಇಟ್ಟ ಎಮುನಾಗೆ ಅನ್ವಯ ಆಗಿದೆ, ಅಂದ್ರೆ ಒಬ್ಬ ವ್ಯಕ್ತಿ ಕಡೆಗಿನ ನಂಬಿಕೆ ಅಂತ ಓದೋದು ಕ್ರೈಸ್ತರದ್ದೇ ಹೊಸ ಐಡಿಯಾ ಆಗಿರ್ಲಿಲ್ಲ.

ಪಿಸ್ಟಿಸ್ ಕ್ರಿಸ್ತೂ ಅಂತ ವಿದ್ವಾಂಸರು ಜಗಳ ಆಡ್ತಾರಲ್ಲ, ಅದೇನು?

ಗ್ರಾಮರಿನ ಜಗಳ, ಆದ್ರೆ ದೊಡ್ಡದು. ಗಲಾತ್ಯ 2:16, ರೋಮಾಪುರ 3:22, ಫಿಲಿಪ್ಪಿ 3:9 ಇಲ್ಲೆಲ್ಲ ಮೂಲದಲ್ಲಿರೋದು “ಕ್ರಿಸ್ತನ ಪಿಸ್ಟಿಸ್” ಅಂತ. ಕನ್ನಡದಲ್ಲಿ “ಅಮ್ಮನ ನೆನಪು” ಅಂದ್ರೆ ಏನು? ನನಗೆ ಅಮ್ಮ ನೆನಪಾದಳು ಅಂತಲೂ ಆಗುತ್ತೆ, ಅಮ್ಮನ ತಲೆಯಲ್ಲಿರೋ ನೆನಪು ಅಂತಲೂ ಆಗುತ್ತೆ. ಹಾಗೇ ಕ್ರಿಸ್ತನ ಪಿಸ್ಟಿಸ್ ಅಂದ್ರೆ ನಾವು ಕ್ರಿಸ್ತನಲ್ಲಿ ಇಡೋ ನಂಬಿಕೆನಾ, ಶಿಲುಬೆವರೆಗೂ ಕ್ರಿಸ್ತ ತೋರಿಸಿದ ನಂಬಿಗಸ್ತಿಕೆನಾ? 1980ರ ದಶಕದಿಂದ ಇದು ಜೋರಾಗಿ ನಡೀತಿದೆ, ರಿಚರ್ಡ್ ಹೇಸ್ ಎರಡನೇ ಅರ್ಥದ ಕಡೆ, ಜೇಮ್ಸ್ ಡನ್ ಮೊದಲನೇದರ ಕಡೆ ಇದ್ರು.

ನಾನು ಬಹಳ ಕಾಲ ಮೊದಲನೇದನ್ನೇ ಹಿಡ್ಕೊಂಡಿದ್ದೆ. ಮನಸ್ಸು ಬದಲಾಯಿಸಿದ್ದು ರೋಮಾಪುರದ ಪತ್ರನೇ. 3:3ರಲ್ಲಿ “ದೇವರ ಪಿಸ್ಟಿಸ್” ಅಂತಿದೆ, ಅದನ್ನ ದೇವರಲ್ಲಿ ಇಡೋ ನಂಬಿಕೆ ಅಂತ ಓದೋಕೆ ಆಗೋದೇ ಇಲ್ಲ, ಮನುಷ್ಯರು ಮಾತು ಮುರಿದ್ರೂ ದೇವರು ಮುರಿಯಲ್ಲ ಅನ್ನೋದೇ ಅಲ್ಲಿನ ವಾದ. 4:16ರಲ್ಲಿ “ಅಬ್ರಹಾಮನ ಪಿಸ್ಟಿಸ್” ಇದೆ, ಅದೂ ಅಬ್ರಹಾಮ ಇಟ್ಕೊಂಡಿದ್ದ ಪಿಸ್ಟಿಸ್. ಇವೆರಡರ ಮಧ್ಯೆ 3:26ರಲ್ಲಿ ಅದೇ ವಾಕ್ಯರಚನೆಯಲ್ಲಿ ಬರೋ “ಯೇಸುವಿನ ಪಿಸ್ಟಿಸ್” ಒಂದನ್ನ ಮಾತ್ರ ಯಾಕೆ ತಿರುಗಿಸ್ಬೇಕು? ಆದ್ರೆ ಗಲಾತ್ಯ 2:16ರಲ್ಲಿ ಪೌಲ ಅದರ ಪಕ್ಕದಲ್ಲೇ ಕ್ರಿಯಾಪದ ಹಾಕಿ “ನಾವೂ ಕ್ರಿಸ್ತ ಯೇಸುವನ್ನ ನಂಬಿದ್ವಿ” ಅಂತಲೂ ಹೇಳ್ತಾನೆ. ಮೊದಲು ಆ ಕಡೆಯಿಂದ ಕೈ ಬಂತು, ಆಮೇಲೆ ಈ ಕಡೆಯಿಂದ ಹಿಡ್ಕೊಂಡ್ವಿ ಅಂತ ನಾನು ಓದ್ಕೊಳ್ತೀನಿ.

ಯೋಹಾನನ ಸುವಾರ್ತೆಯಲ್ಲಿ ಪಿಸ್ಟಿಸ್ ಪದ ಒಂದ್ಸಲನೂ ಇಲ್ಲ ಅಂತಾರೆ, ಹೌದಾ?

ಹೌದು, ನಾಮಪದ ಒಂದು ಸಲನೂ ಇಲ್ಲ. ಕ್ರಿಯಾಪದ ಮಾತ್ರ ನೂರರ ಹತ್ರ ಬರುತ್ತೆ. ಎಷ್ಟೋ ಕಡೆ ಅದರ ಜೊತೆ “ಒಳಕ್ಕೆ” ಅನ್ನೋ ಅರ್ಥದ ಏಯಿಸ್ ಸೇರಿರುತ್ತೆ, ಅವನೊಳಕ್ಕೆ ನಂಬು ಅನ್ನೋ ಹಾಗೆ. ಬಿಷಪ್ ಅಗಸ್ಟೀನ್ ಇದನ್ನ ಚೆನ್ನಾಗಿ ಹಿಡಿದ: ಪೌಲನ ಮಾತನ್ನ ನಂಬ್ತೀವಿ, ಆದ್ರೆ ಪೌಲನೊಳಕ್ಕೆ ನಂಬಲ್ಲ.

ನಂಬಿಕೆ ಯಾವಾಗ ಬಾಯಿಪಾಠದ ಲಿಸ್ಟ್ ಆಯ್ತು? ನೈಸೀಯದಲ್ಲಾ?

ನೈಸೀಯದಲ್ಲಿ ಸೇರಿದ ಬಿಷಪ್ಪರ ಮಹಾಸಭೆಗಿಂತ ತುಂಬಾ ಮುಂಚೆ ಶುರುವಾಗಿದೆ. ಪೌಲನೇ 1 ಕೊರಿಂಥ 15ರಲ್ಲಿ “ನನಗೆ ಬಂದದ್ದನ್ನ ನಿಮಗೆ ಒಪ್ಪಿಸಿದೆ” ಅಂತ ನಾಲ್ಕು ಸಾಲು ಹೇಳ್ತಾನೆ, ಸತ್ತ, ಹೂಣಿಟ್ರು, ಎದ್ದ, ಕಾಣಿಸ್ಕೊಂಡ. ತಿಮೊಥೆಯನಿಗೆ ಬರೆದ ಪತ್ರಗಳಲ್ಲಿ “ಆ ನಂಬಿಕೆ” ಅಂದ್ರೆ ಕಾಪಾಡ್ಬೇಕಾದ ಬೋಧನೆ ಅನ್ನೋ ಅರ್ಥ ಬಂದಾಗಿದೆ. ಸುಮಾರು 180ರಲ್ಲಿ ಲಿಯೋನಿನ ಐರೇನಿಯಸ್, ಗುಪ್ತಜ್ಞಾನದಿಂದ ರಕ್ಷಣೆ ಅಂತಿದ್ದ ಜ್ಞಾನವಾದಿಗಳ ಎದುರು ಸತ್ಯದ ಅಳತೆಗೋಲು ಅಂತ ಇಂಥದ್ದೇ ಸಾರಾಂಶ ಕೊಡ್ತಾನೆ.

ಆದ್ರೆ ಇದು ಉಳಿದು ಬಂದಿದ್ದು ಪಾಠದ ಕೋಣೆಯಲ್ಲಿ ಅಲ್ಲ, ನೀರಲ್ಲಿ. ದೀಕ್ಷಾಸ್ನಾನದಲ್ಲಿ ನೀರಲ್ಲಿ ನಿಂತೋನಿಗೆ ಮೂರು ಪ್ರಶ್ನೆ ಕೇಳ್ತಿದ್ರು, ತಂದೆಯಲ್ಲಿ, ಮಗನಲ್ಲಿ, ಪವಿತ್ರಾತ್ಮನಲ್ಲಿ ನಂಬ್ತೀಯಾ ಅಂತ, ಪ್ರತಿ ಸಲ ನಂಬ್ತೀನಿ ಅಂದಾಗ ಒಂದು ಸಲ ಮುಳುಗಿಸ್ತಿದ್ರು. ಯೆರೂಸಲೇಮಿನಲ್ಲಿ 4ನೇ ಶತಮಾನದಲ್ಲಿ ಮೊದಲು ಪಶ್ಚಿಮಕ್ಕೆ ತಿರುಗಿ ಸೈತಾನನಿಗೆ ನಿನ್ನ ಸಹವಾಸ ಬಿಟ್ಟೆ ಅಂತ ಹೇಳಿ, ಆಮೇಲೆ ಪೂರ್ವಕ್ಕೆ ತಿರುಗಿ ನಂಬ್ತೀನಿ ಅಂತಿದ್ರು. ಅಲ್ಲಿನ ಬಿಷಪ್ ಸಿರಿಲ್ ಸುಮಾರು 350ರಲ್ಲಿ ಹೇಳ್ತಾನೆ, ಈ ಮಾತುಗಳನ್ನ ಕಾಗದದ ಮೇಲೆ ಬರ್ಕೋಬೇಡಿ, ಎದೆಯಲ್ಲಿ ಬರ್ಕೊಳ್ಳಿ ಅಂತ. ಇದಕ್ಕಿದ್ದ ಹೆಸರು ಸಿಂಬೊಲೊನ್, ಎರಡು ತುಂಡು ಮಾಡಿ ಇಬ್ಬರು ಇಟ್ಕೊಂಡು ಆಮೇಲೆ ಜೋಡಿಸಿ ನೋಡೋ ಗುರುತಿನ ಬಿಲ್ಲೆಗೂ ಅದೇ ಪದ. ಹಾಗೆ ದೀಕ್ಷೆ ಪಡೆದವರಿಗೆ ಬಿದ್ದ ಹೆಸರು ಗ್ರೀಕಲ್ಲಿ ಪಿಸ್ಟೋಯಿ, ಲ್ಯಾಟಿನ್ನಲ್ಲಿ ಫಿದೇಲೆಸ್, ನಂಬಿಗಸ್ತರು. ರೋಮಿನ ಸಮಾಧಿ ಕಲ್ಲುಗಳ ಮೇಲೂ ಇದನ್ನ ಕೆತ್ತಿದ್ದಾರೆ.

325ರಲ್ಲಿ ನೈಸೀಯದಲ್ಲಿ ಬದಲಾಗಿದ್ದು ನಿಜ. “ನಂಬ್ತೀವಿ” ಅಂತ ಶುರುವಾಗೋ ಪಠ್ಯಕ್ಕೆ ಬಿಷಪ್ಪರು ಸಹಿ ಹಾಕ್ಬೇಕಾಯ್ತು, ಕೊನೇಲಿ ಬೇರೆ ಹೇಳೋರಿಗೆ ಬಹಿಷ್ಕಾರ ಸೇರ್ತು, ಹಿಂದೆ ಚಕ್ರವರ್ತಿ ಕಾನ್‌ಸ್ಟಂಟೈನ್ ಇದ್ದ. ಅಲ್ಲಿಂದ ಮುಂದೆ ಸರಿಯಾದ ಪದ ಬಳಸೋದೇ ನಂಬಿಕೆ ಅನ್ನೋ ಒತ್ತಡ ಬೆಳೀತಾ ಹೋಯ್ತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ರೊಟ್ಟಿ ರೇಟು ಕೇಳಿದ್ರೆ ತಂದೆಯಾದ ದೇವರು ದೊಡ್ಡವನು ಮಗನಾದ ಕ್ರಿಸ್ತ ಚಿಕ್ಕವನು ಅಂತ ಉತ್ತರ ಬರುತ್ತೆ ಅಂತ ಬಿಷಪ್ ನಿಸ್ಸದ ಗ್ರೆಗರಿ ಬೇಜಾರು ಮಾಡ್ಕೊಂಡಿದ್ದಾನೆ. ನೈಸೀಯ ಬೇಡವಾಗಿತ್ತು ಅಂತ ನಾನು ಹೇಳಲ್ಲ, ಯಾರನ್ನ ನಂಬಿದ್ದೀವಿ ಅನ್ನೋದು ಗೊತ್ತಿಲ್ಲದೆ ನಂಬೋಕಾಗಲ್ಲ. ಆದ್ರೆ ಆ ವಿಶ್ವಾಸಪ್ರಮಾಣನ ಭಾನುವಾರ ಹೇಳುವಾಗ ಪ್ರಮಾಣ ಅನ್ನೋ ಪದಕ್ಕೆ ಆಣೆ ಅನ್ನೋ ಅರ್ಥನೂ ಇದೆ ಅನ್ನೋದು ನೆನಪಿರ್ಲಿ.

ನಂಬಿಕೆ ದೊಡ್ಡದಾ ಜ್ಞಾನ ದೊಡ್ಡದಾ? ಆಗಲೂ ಈ ಚರ್ಚೆ ಇತ್ತಾ?

ಜೋರಾಗೇ ಇತ್ತು. ಜ್ಞಾನವಾದಿ ಗುರು ವ್ಯಾಲೆಂಟೀನಸ್‌ನ ಅನುಯಾಯಿಗಳು ಸಾಮಾನ್ಯ ಕ್ರೈಸ್ತರಿಗೆ ನಂಬಿಕೆ, ನಮ್ಮಂಥ ಆತ್ಮಿಕರಿಗೆ ಜ್ಞಾನ ಅಂತ ಎರಡು ಮೆಟ್ಟಿಲು ಮಾಡಿದ್ರು. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಜ್ಞಾನ ಬೇಡ ಅನ್ಲಿಲ್ಲ, ಆದ್ರೆ ಅದಕ್ಕೆ ನಂಬಿಕೆನೇ ಅಡಿಪಾಯ ಅಂದ, ಯಾವ ವಾದದ್ದೂ ಮೊದಲ ಸೂತ್ರವನ್ನ ಸಾಬೀತು ಮಾಡೋಕಾಗಲ್ಲ, ಅದನ್ನ ಹಿಡ್ಕೊಂಡೇ ಶುರು ಮಾಡ್ಬೇಕು ಅಂತ ಗ್ರೀಕ್ ತತ್ವಜ್ಞಾನಿಗಳನ್ನೇ ಸಾಕ್ಷಿಗೆ ಕರೆದ. ಅವನ ಇನ್ನೊಂದು ಆಧಾರ ಯೆಶಾಯ 7:9ರ ಗ್ರೀಕ್ ಪಾಠ, “ನೀವು ನಂಬದಿದ್ರೆ ಅರ್ಥ ಮಾಡ್ಕೊಳ್ಳಲ್ಲ”. ಅಗಸ್ಟೀನನೂ ಇದನ್ನೇ ಮತ್ತೆ ಮತ್ತೆ ಎತ್ತುತ್ತಾನೆ. ನಿಮ್ಮ ಅಪ್ಪ ಅಮ್ಮ ಇವರೇ ಅಂತ ನಿಮಗೆ ಗೊತ್ತಾಗಿದ್ದು ಹೇಗೆ, ಯಾರೋ ಹೇಳಿದ್ದನ್ನ ನಂಬಿ ತಾನೆ ಅನ್ನೋದು ಅವನ ಪ್ರಶ್ನೆ.

ಮೂಲ ಹೀಬ್ರೂನಲ್ಲಿ ಆ ವಾಕ್ಯ ಅರ್ಥ ಮಾಡ್ಕೊಳ್ಳೋದರ ಬಗ್ಗೆ ಅಲ್ಲವೇ ಅಲ್ಲ. ಅಲ್ಲಿರೋದು ಆಮೆನ್‌ನ ಬೇರು ಎರಡು ಸಲ: ನೀವು ಆತುಕೊಳ್ಳದಿದ್ರೆ ನಿಲ್ಲಲ್ಲ.

ಇದನ್ನೆಲ್ಲ ನಾನೇ ಓದಿ ನೋಡ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

ರೋಮಾಪುರದ ಪತ್ರದಿಂದ ಬೇಡ. 1 ಥೆಸಲೋನಿಕದಿಂದ ಶುರು ಮಾಡಿ, ಸುಮಾರು ಕ್ರಿ.ಶ. 50ರಲ್ಲಿ ಬರೆದದ್ದು, ಪೌಲನ ಪತ್ರಗಳಲ್ಲಿ ಇದೇ ಮೊದಲನೇದು ಅಂತ ತುಂಬಾ ವಿದ್ವಾಂಸರ ಲೆಕ್ಕ, ಐದೇ ಅಧ್ಯಾಯ. 3ನೇ ಅಧ್ಯಾಯಕ್ಕೆ ಬಂದಾಗ ನಿಧಾನ ಮಾಡಿ. ಪೌಲ ಆ ಊರು ಬಿಟ್ಟು ಬಂದಿದ್ದಾನೆ, ಅಲ್ಲಿನ ಹೊಸ ಜನಕ್ಕೆ ತೊಂದರೆ ಶುರುವಾಗಿದೆ, ಸುದ್ದಿ ಇಲ್ಲ, ಇವನಿಗೆ ತಡೆಯೋಕೆ ಆಗ್ತಿಲ್ಲ, ಅಥೇನೆಯಲ್ಲಿ ಒಬ್ಬನೇ ಉಳಿದ್ರೂ ಪರವಾಗಿಲ್ಲ ಅಂತ ತಿಮೊಥೆಯನನ್ನ ಕಳಿಸ್ತಾನೆ, ಕಾರಣನೂ ಬರೀತಾನೆ: “ನಿಮ್ಮ ಪಿಸ್ಟಿಸ್ ಹೇಗಿದೆ ಅಂತ ತಿಳ್ಕೊಳ್ಳೋಕೆ”. ತಿಮೊಥೆಯ ವಾಪಸ್ ಬಂದು ಅವರ ಪಿಸ್ಟಿಸ್ ಮತ್ತೆ ಪ್ರೀತಿಯ ಒಳ್ಳೇ ಸುದ್ದಿ ಹೇಳ್ತಾನೆ, ಅವರೂ ಪೌಲನನ್ನ ನೋಡೋಕೆ ಹಾತೊರೀತಿದ್ದಾರೆ ಅಂತಾನೆ. ಅದಕ್ಕೆ ಪೌಲ ಬರೆದ ಸಾಲು, ನೀವು ಕರ್ತನಲ್ಲಿ ಗಟ್ಟಿಯಾಗಿ ನಿಂತಿದ್ರೆ ನಾವೀಗ ಬದುಕಿದ ಹಾಗೆ.